ಉಪ್ಪು ಮುಟ್ಟುವ ಹಾಗಿಲ್ಲ

ಸರಸ್ವತಿಪುರಂನ ನಮ್ಮ ಬೀದಿಯ ಬಿಂದುಮಾಧವರಾಯರು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಉಬ್ಬರವಿಳಿತ ಯಾಕೆ ಆಗುತ್ತದೆ, ಚಂಡಮಾರುತ ಎಲ್ಲಿ ಹುಟ್ಟುತ್ತದೆ, ಅರಬ್ಬೀ ಸಮುದ್ರ ಯಾವ ತಿಂಗಳಲ್ಲಿ ಮುನಿಸಿಕೊಳ್ಳುತ್ತದೆ ಎಂಬುದನ್ನೆಲ್ಲ ಅವರು ಕಣ್ಣು ಅರೆಮುಚ್ಚಿ, ಸೀಮೆಸುಣ್ಣ ಹಿಡಿದ ಕೈಯನ್ನು ಗಾಳಿಯಲ್ಲಿ ತೇಲಿಸುತ್ತ ಹೇಳುವಾಗ ಕಡೆಯ ಬೆಂಚಿನ ಹುಡುಗರು ಕೂಡ ನಿದ್ದೆಯನ್ನು ಮುಂದಿನ ಪೀರಿಯಡ್ಡಿಗೆ ಮುಂದೂಡುತ್ತಿದ್ದರು. ಆದರೆ ರಾಯರು ಸಮುದ್ರ ನೋಡಿರಲಿಲ್ಲ. ಐವತ್ತು ದಾಟಿದ ಮನುಷ್ಯ, ಕೈಯಲ್ಲೊಂದು ಕೋಲು ಹಿಡಿದು ಊರ ಮಕ್ಕಳಿಗೆಲ್ಲ ಏಳು ಸಮುದ್ರ ದಾಟಿಸಿದವರು, ಒಂದು ಸಲವೂ ಅದರ ಮುಂದೆ ಹೋಗಿ ನಿಂತಿರಲಿಲ್ಲ.

ಅದಕ್ಕೆ ಕಾರಣ ಅವರ ಜಾತಕ. ಅವರು ಹುಟ್ಟಿದಾಗ ಜಾತಕ ಬರೆದ ಜೋಯಿಸರು, ಕೊನೆಯಲ್ಲಿ ಸ್ವಲ್ಪ ಜಾಗ ಉಳಿಯಿತೆಂದೋ ಏನೋ, 'ಜಲಗಂಡವಿದೆ' ಎಂದು ಸೇರಿಸಿಬಿಟ್ಟರು. ನೀರಿನಿಂದ ಗಂಡಾಂತರ ಎಂದರ್ಥ. ಅಂದಿನಿಂದ ರಾಯರ ತಾಯಿ ನೀರು ಕಂಡಲ್ಲೆಲ್ಲ ಮಗನನ್ನು ಹಿಂದಕ್ಕೆ ಎಳೆದರು. ಶ್ರೀರಂಗಪಟ್ಟಣದಲ್ಲಿ ಮನೆಮಂದಿಯೆಲ್ಲ ಕಾವೇರಿಯಲ್ಲಿ ಮುಳುಗು ಹಾಕುವಾಗ ಇವರನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ ತಲೆಗೆ ಒಂದು ಚೊಂಬು ನೀರು ಸುರಿಯುತ್ತಿದ್ದರು. ಕಾಲೇಜಿನವರು ಕಡಲತೀರಕ್ಕೆ ಪ್ರವಾಸ ಹೊರಟಾಗ ಇವರಿಗೆ ಇಲ್ಲದ ಜ್ವರ ಬಂತು. ಮದುವೆಯಾದ ಮೇಲೆ ಆ ತಾಯಿ ಸೊಸೆ ಚಂದ್ರಮತಿಗೆ ಬೀಗದ ಕೈ ಗೊಂಚಲನ್ನೂ ಜಲಗಂಡವನ್ನೂ ಒಟ್ಟಿಗೇ ಒಪ್ಪಿಸಿದರು. ಚಂದ್ರಮತಿಯವರು ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಹೋದರೂ ಹೆಂಡತಿ ನೀರಿನ ಕಡೆ, ಗಂಡ ಪೊದೆಯ ಕಡೆ.

ಹೀಗಿರುವಾಗ ಒಂದು ದಿನ ಸ್ಟಾಫ್ ರೂಮಿನಲ್ಲಿ ಯಾರೋ ತಮ್ಮ ಕಡಲತೀರದ ಫೋಟೋಗಳನ್ನು ತೋರಿಸುತ್ತಿದ್ದರು. ಹೆಡ್‌ಮಾಸ್ತರು ರುದ್ರಸ್ವಾಮಿಯವರು ಫೋಟೋದಿಂದ ಕಣ್ಣೆತ್ತಿ, "ನಮ್ಮ ರಾಯರಿಗೆ ಇದೇನು ಹೊಸದಾ? ಅವರು ನೋಡದ ಸಮುದ್ರವಾ?" ಎಂದರು. ಇಲ್ಲ ಎನ್ನಲು ಇಷ್ಟು ವರ್ಷದ ಪಾಠಗಳು ಅಡ್ಡ ಬಂದವು, ಹೌದು ಎನ್ನಲು ನಾಲಗೆ ಏಳಲಿಲ್ಲ. ಇವೆರಡರ ನಡುವೆ ಸಿಕ್ಕಿಕೊಂಡ ರಾಯರ ಬಾಯಿಂದ ಮೂರನೆಯದೇ ಒಂದು ಉತ್ತರ ಹೊರಬಿತ್ತು.

"ನಮ್ಮನೇಲೇ ಇದೆಯಲ್ಲ ಸಾರ್, ಸಮುದ್ರ."

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಕಷ್ಟ ಏನೆಂದರೆ, ಹೇಳಿದ ಮೇಲೆ ಅದನ್ನು ನಿಜ ಮಾಡುವವರೆಗೆ ಅವರಿಗೆ ಊಟ ಸೇರುವುದಿಲ್ಲ. ಅದೇ ಶನಿವಾರ ರಾಯರು ದೇವರಾಜ ಮೊಹಲ್ಲಾದ ಒಂದು ಮೀನಿನ ಅಂಗಡಿಗೆ, ಅಂದರೆ ತಿನ್ನುವ ಮೀನಿನದಲ್ಲ ನೋಡುವ ಮೀನಿನ ಅಂಗಡಿಗೆ ಹೋಗಿ, ಉಪ್ಪುನೀರಿನ ಒಂದು ದೊಡ್ಡ ಗಾಜಿನ ತೊಟ್ಟಿ, ಕಡಲಿನ ಉಪ್ಪಿನ ಚೀಲ, ತೂತು ತೂತಾದ ಬಂಡೆಗಳು, ನೀಲಿ ದೀಪ, ಗುಯ್ಗುಟ್ಟುವ ಯಂತ್ರ, ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಎರಡು ಮೀನು, ಇಷ್ಟನ್ನೂ ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದರು.

ಚಂದ್ರಮತಿಯವರು ಬಾಗಿಲಲ್ಲಿ ನಿಂತು ಆಟೋವನ್ನು ನೋಡಿದರು, ಗಂಡನನ್ನು ನೋಡಿದರು.

"ಇಷ್ಟು ನೀರು ಯಾಕ್ರೀ ಮನೆಗೆ?"

"ಮೊಣಕಾಲೆತ್ತರ ಇಲ್ಲ ಕಣೇ. ಇದರಲ್ಲಿ ಯಾರು ಮುಳುಗ್ತಾರೆ?"

"ಗಂಡಾಂತರ ಎತ್ತರ ನೋಡ್ಕೊಂಡು ಬರತ್ತಾ? ಅದೂ ಅಲ್ಲದೆ ಮೀನು ಮುಟ್ಟಿದ ಕೈಲಿ ನೀವು ದೇವರ ಮನೆಗೆ ಬರ್ತೀರಿ, ಅಡಿಗೆ ಮನೆಗೆ ಬರ್ತೀರಿ."

"ಮುಟ್ಟೋ ಪ್ರಶ್ನೆಯೇ ಇಲ್ಲ. ಎಲ್ಲ ಯಂತ್ರವೇ ನೋಡ್ಕೊಳ್ಳತ್ತೆ."

ಚಂದ್ರಮತಿಯವರು ಯೋಚಿಸಿದರು. ಕಿತ್ತಳೆ ಮೀನುಗಳು ಪ್ಲಾಸ್ಟಿಕ್ ಚೀಲದೊಳಗಿಂದ ಅವರನ್ನೇ ನೋಡುತ್ತಿದ್ದವು. "ಸರಿ. ನೋಡೋದು ಮಾತ್ರ," ಎಂದರು. "ನೀವು ಕೈ ಹಾಕಿದ್ರಿ ಅಂತ ಗೊತ್ತಾದ ದಿನ ಇದು ಅಂಗಡಿಗೆ ವಾಪಸ್ಸು."

ರಾಯರು ಒಪ್ಪಿ, ಹಾಲಿನ ಗೋಡೆಯಲ್ಲಿದ್ದ ತಮ್ಮ ತಾತನ ಫೋಟೋದ ಕೆಳಗೆ ಸಮುದ್ರವನ್ನು ಸ್ಥಾಪಿಸಿದರು.

ಆದರೆ ಸಮುದ್ರವನ್ನು ಯಾರೂ ಕೈ ಹಾಕದೆ ಸಾಕಲು ಆಗುವುದಿಲ್ಲ. ಗಾಜಿಗೆ ಪಾಚಿ ಕಟ್ಟುತ್ತದೆ, ಬಂಡೆ ಜಾರುತ್ತದೆ, ಯಂತ್ರದ ಬಾಯಿಗೆ ಕಸ ಸಿಗುತ್ತದೆ. ಅಂಗಡಿಯವನು ಇದನ್ನು ಮೊದಲೇ ಹೇಳಿ, ಮೊಣಕೈ ಮುಟ್ಟುವ ಒಂದೇ ಒಂದು ಬಲಗೈ ರಬ್ಬರ್ ಗ್ಲೌಸನ್ನೂ ಕೊಟ್ಟಿದ್ದ. ರಾಯರು ಅದನ್ನು ತಾತನ ಫೋಟೋದ ಹಿಂದೆ ಮೊಳೆಗೆ ನೇತುಹಾಕಿ ಬಚ್ಚಿಟ್ಟರು. ದಿನಾ ಮುಸ್ಸಂಜೆ ಚಂದ್ರಮತಿಯವರು ಪಕ್ಕದ ಮನೆಯ ಪ್ರೇಮಲೀಲಾ ಅವರ ಜೊತೆ ದೇವಸ್ಥಾನಕ್ಕೆ ಸಹಸ್ರನಾಮ ಹೇಳಲು ಹೊರಟ ಕೂಡಲೇ ರಾಯರು ಬಾಗಿಲು ಮುಂದೆ ಮಾಡಿ ಗ್ಲೌಸು ತೊಡುತ್ತಿದ್ದರು.

ಆ ಹೊತ್ತಿನ ಬಗ್ಗೆ ನಾನು ತಮಾಷೆ ಮಾಡಲಾರೆ. ಹಾಲಿನ ದೀಪ ಆರಿಸಿ ತೊಟ್ಟಿಯ ನೀಲಿ ದೀಪವನ್ನಷ್ಟೇ ಉಳಿಸಿದರೆ ಆ ಬೆಳಕು ಮೆಲ್ಲಗೆ ಗೋಡೆ ಹತ್ತಿ ಸೂರಿನಲ್ಲಿ ತುಳುಕಾಡುತ್ತಿತ್ತು. ಅರಮನೆಯಲ್ಲಿ ದೀಪಗಳ ಉಸ್ತುವಾರಿ ನೋಡುತ್ತಿದ್ದ ತಾತ ಜರಿಪೇಟದ ಸಮೇತ ನೀರಿನೊಳಗೆ ಕೂತು ಮುಗುಳ್ನಗುತ್ತಿದ್ದರು. ರಾಯರು ಕೈಯನ್ನು ಮೊಣಕೈವರೆಗೆ ಇಳಿಸುವರು. ಮೀನುಗಳು ಬಂದು ಬೆರಳ ಸಂದಿಯಲ್ಲಿ ನುಸುಳುವವು. ಹೊರಗೆ ಹಿನಕಲ್ ಕಡೆಗೆ ಹೋಗುವ ಸಿಟಿ ಬಸ್ಸು ಹಾರನ್ ಹೊಡೆದರೆ ಅದು ಮಂಜಿನಲ್ಲಿ ದಾರಿ ಕೇಳುವ ಹಡಗು. ಎದುರು ಮನೆಯ ಕುಕ್ಕರ್ ಕೂಗಿದರೆ ಅದು ಯಾವುದೋ ಕಡಲ ಹಕ್ಕಿ. ಪಾಚಿ ಒರೆಸುವ ಕೆಲಸ ಬೇಗ ಮುಗಿದುಹೋಗುತ್ತಿತ್ತು, ಆದರೆ ಕೈ ಹೊರಗೆ ಬರುತ್ತಿರಲಿಲ್ಲ. ಅಷ್ಟು ಹೊತ್ತು ರಾಯರು ಮೈಸೂರಿನಲ್ಲಿ ಇರುತ್ತಿರಲಿಲ್ಲ.

ಒಂದೇ ಒಂದು ವಿಷಯ ಅವರಿಗೆ ಅರ್ಥವಾಗುತ್ತಿರಲಿಲ್ಲ. ಹಿಂದಿನ ಸಂಜೆ ಒಣಗಲು ಹಾಕಿದ ಗ್ಲೌಸು ಮರುದಿನ ಸಂಜೆಗೂ ಒಳಗೆ ಒದ್ದೆಯಾಗಿಯೇ ಇರುತ್ತಿತ್ತು. ಮೈಸೂರಿನ ಹವೆ ಇತ್ತೀಚೆಗೆ ಕೆಟ್ಟಿದೆ ಎಂದುಕೊಂಡ ರಾಯರು ಗಾಳಿಯ ತೇವಾಂಶದ ಬಗ್ಗೆ ಹತ್ತನೇ ತರಗತಿಗೆ ಒಂದು ಪೀರಿಯಡ್ಡು ಜಾಸ್ತಿಯೇ ಪಾಠ ಮಾಡಿದರು.

ಒದ್ದೆ ಗ್ಲೌಸಿನೊಳಗೆ ದಿನಾ ಉಪ್ಪುನೀರಿನಲ್ಲಿ ಕೂತ ಕೈ ಸುಮ್ಮನಿರುತ್ತದೆಯೆ? ಗ್ಲೌಸಿನ ರಬ್ಬರ್ ಪಟ್ಟಿ ಬಿಗಿಯುವ ಜಾಗದಲ್ಲಿ, ಮೊಣಕೈಯ ಸ್ವಲ್ಪ ಕೆಳಗೆ, ಮೊದಲು ನವೆ ಶುರುವಾಯಿತು. ಆಮೇಲೆ ಕೆಂಪು. ಆಮೇಲೆ ಸಾಸಿವೆಯಂಥ ಗುಳ್ಳೆಗಳು ಸಾಲಾಗಿ ಎದ್ದು ತೋಳಿನ ಸುತ್ತ ಮೆರವಣಿಗೆ ಹೊರಟವು. ರಾಯರು ತುಂಬು ತೋಳಿನ ಷರಟು ಹಾಕಿಕೊಂಡು, ಯಾರೂ ಇಲ್ಲದಾಗ ಬಾಗಿಲ ಚೌಕಟ್ಟಿಗೆ ತೋಳು ಉಜ್ಜಿಕೊಳ್ಳುತ್ತ ದಿನ ದೂಡಿದರು.

ಒಂದು ಬೆಳಗ್ಗೆ ಪೂಜೆಗೆಂದು ಕಾಂಪೌಂಡಿನ ದಾಸವಾಳಕ್ಕೆ ಕೈ ಎತ್ತಿದಾಗ ಷರಟಿನ ತೋಳು ಜಾರಿತು. ಕಾಂಪೌಂಡಿನ ಆಚೆ ಪ್ರೇಮಲೀಲಾ ನಿಂತಿದ್ದರು. ನಮ್ಮ ಬೀದಿಯ ಯಾವ ಕಾಯಿಲೆಯಾದರೂ ಸರಿ, ಡಾಕ್ಟರಿಗಿಂತ ಮೊದಲು ಅದಕ್ಕೆ ನಾಮಕರಣ ಮಾಡುವವರು ಅವರು.

"ರಾಯರೇ, ಕೈ ಇಳಿಸಬೇಡಿ. ಹಾಗೇ ಇರಿ." ಅವರು ಕಾಂಪೌಂಡಿನ ಮೇಲಿಂದಲೇ ರಾಯರ ಮೊಣಕೈ ಹಿಡಿದು ತಿರುಗಿಸಿ ನೋಡಿದರು. "ಚಂದ್ರಾ, ಬಾರೇ ಇಲ್ಲಿ. ಸರ್ಪಸುತ್ತು ಕಣೇ."

ಸರ್ಪಸುತ್ತು ಎಂದರೆ ಹಾವು ಸುತ್ತಿದ ಹಾಗೆ ಮೈ ಸುತ್ತಿಕೊಂಡು ಬರುವ ಗುಳ್ಳೆ. ಅದರ ತಲೆ, ಬಾಲ ಎರಡೂ ಕೂಡಿಬಿಟ್ಟರೆ ಮನುಷ್ಯ ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಡಾಕ್ಟರುಗಳು ಬೇರೆ ಏನೇನೋ ಹೇಳುತ್ತಾರೆ, ಆದರೆ ಅವರು ಪ್ರೇಮಲೀಲಾ ಅವರ ಎದುರು ನಿಂತು ಹೇಳಿದ್ದನ್ನು ನಾನು ಕಂಡಿಲ್ಲ.

"ಅದು ಸೊಂಟಕ್ಕಲ್ವಾ ಸುತ್ತೋದು?" ಎಂದರು ಚಂದ್ರಮತಿ.

"ನಿಮ್ಮೆಜಮಾನರಿಗೆ ಸೊಂಟ ಎಲ್ಲಿದೆಯೇ, ಪಾಪ. ಸಿಕ್ಕಿದ ಕಡೆ ಸುತ್ತಿದೆ. ನೋಡು, ಇಲ್ಲಿ ತಲೆ, ಇಲ್ಲಿ ಬಾಲ. ಮಧ್ಯೆ ಇನ್ನು ಎರಡೇ ಬೆರಳು ಜಾಗ."

ರಾಯರ ಮುಂದೆ ಎರಡು ದಾರಿಗಳಿದ್ದವು. ನಿಜ ಹೇಳಿದರೆ ತೊಟ್ಟಿ ಅಂಗಡಿಗೆ. ಹೇಳದಿದ್ದರೆ ತೋಳಿಗೆ ಹಾವು. ಅವರು ಹಾವನ್ನೇ ಆರಿಸಿಕೊಂಡರು.

"ಇರಬಹುದು," ಎಂದರು ಗಂಭೀರವಾಗಿ. "ಸರ್ಪದ್ದೇ ಇರಬಹುದು."

ಚಂದ್ರಮತಿಯವರು ಸೆರಗನ್ನು ಬಲತೋಳಿನ ಮೇಲೆ ಎಳೆದುಕೊಂಡರು. ಈಚೆಗೆ ಅವರು ಮೊಣಕೈ ದಾಟುವ ಉದ್ದ ತೋಳಿನ ರವಿಕೆಗಳನ್ನೇ ಹೊಲಿಸಿಕೊಂಡು ತೊಡುತ್ತಿದ್ದರು. ಹಳೇ ಕಾಲದ ಫ್ಯಾಷನ್ ವಾಪಸ್ಸು ಬಂದಿದೆ ಎಂದು ಪ್ರೇಮಲೀಲಾ ಕೂಡ ಎರಡು ಹೊಲಿಸಿಕೊಂಡಿದ್ದರು.

ಮಧ್ಯಾಹ್ನಕ್ಕೆ ಹಿನಕಲ್ಲಿನಿಂದ ಸಣ್ಣಮಾದಯ್ಯನನ್ನು ಕರೆಸಲಾಯಿತು. ಸಣ್ಣಮಾದಯ್ಯನ ಕಸುಬು ಬೋರ್ಡು ಬರೆಯುವುದು. ಸರ್ಕಾರಿ ಜೀಪಿನ ಬಾಗಿಲು, ಕಚೇರಿಯ ಫಲಕ, ದಸರೆಯ ಕಮಾನು, ಎಲ್ಲೆಲ್ಲಿ ಎರಡು ತಲೆಯ ಗಂಡಭೇರುಂಡ ಕೂರಬೇಕೋ ಅಲ್ಲಿಗೆ ಅವನ ಕುಂಚ ಹೋಗುತ್ತಿತ್ತು. ಅವನ ತಾತನಿಂದ ಬಂದ ಇನ್ನೊಂದು ವಿದ್ಯೆ ಸರ್ಪಸುತ್ತಿಗೆ ಬರೆಯುವುದು. ಹಾವಿನ ತಲೆಗೂ ಬಾಲಕ್ಕೂ ನಡುವೆ ಕೆಮ್ಮಣ್ಣಿನಲ್ಲಿ ಒಂದು ಗರುಡನನ್ನು ಬರೆದುಬಿಟ್ಟರೆ ಹಾವು ಹೆದರಿ ನಿಂತಲ್ಲೇ ನಿಲ್ಲುತ್ತದೆ.

ರಾಯರನ್ನು ತೊಟ್ಟಿಯ ಮುಂದೆಯೇ ಕುರ್ಚಿ ಹಾಕಿ ಕೂರಿಸಲಾಯಿತು. ಸಣ್ಣಮಾದಯ್ಯ ಕೆಮ್ಮಣ್ಣು ಕಲಸಿ ಕುಂಚ ಅದ್ದಿದ.

"ಅಲ್ಲಾಡ್‌ಬ್ಯಾಡಿ ಮೇಷ್ಟ್ರೇ. ಜೀಪಿನ ಬಾಗ್ಲು ಅಲ್ಲಾಡಲ್ಲ."

"ನವೆ ಆಗತ್ತಪ್ಪ."

"ಬಾಗ್ಲಿಗೆ ಆಗಲ್ಲ."

ರಾಯರು ಉಸಿರು ಹಿಡಿದು ಬಾಗಿಲಾದರು. ಬಹಳ ಹೊತ್ತಿನ ಮೇಲೆ ಸಣ್ಣಮಾದಯ್ಯ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದ. ಎಲ್ಲರೂ ನೋಡಿದರು. ರೆಕ್ಕೆ ಚಾಚಿ, ಬಾಲ ಬಿಚ್ಚಿ, ಒಂದು ತಲೆ ಅತ್ತ ಇನ್ನೊಂದು ತಲೆ ಇತ್ತ ತಿರುಗಿಸಿ, ರಾಯರ ತೋಳಿನ ಮೇಲೆ ಸಾಕ್ಷಾತ್ ಗಂಡಭೇರುಂಡ ಕೂತಿತ್ತು.

"ಗರುಡನಿಗೆ ಎರಡು ತಲೆ ಯಾಕೆ ಬಂತು ಸಣ್ಣಮಾದಯ್ಯ?" ಎಂದು ಪ್ರೇಮಲೀಲಾ ಕೇಳಿದರು.

"ಕೈಗೆ ಅಭ್ಯಾಸ ಆಗ್ಬುಟ್ಟದೆ ಕಣಮ್ಮ." ಅವನು ಸ್ವಲ್ಪ ಯೋಚಿಸಿದ. "ಆದ್ರೂ ಒಳ್ಳೇದೇ ಆಯ್ತು ಬುಡಿ. ಒಂದು ತಲೆ ಹಾವಿನ ತಲೆ ಕಾಯ್ತದೆ, ಇನ್ನೊಂದು ಬಾಲ ಕಾಯ್ತದೆ. ಒಂಟಿ ತಲೆ ಗರುಡಂಗೆ ಎಲ್ಡೂ ಕಡೆ ನೋಡಾಕೆ ಎಂಗಾಯ್ತದೆ?"

ಸಣ್ಣಮಾದಯ್ಯ ಕುಂಚ ತೊಳೆಯುತ್ತ ಪಥ್ಯ ಹೇಳಿದ. "ಬದ್ನೆಕಾಯಿ ತಿನ್ನಂಗಿಲ್ಲ. ಕನ್ನಡಿ ನೋಡ್ಕಂಡು ತಲೆ ಬಾಚಂಗಿಲ್ಲ. ಮುಖ್ಯವಾಗಿ, ಉಪ್ಪು ಮುಟ್ಟಂಗಿಲ್ಲ."

ರಾಯರು ಕಳ್ಳಗಣ್ಣಿನಿಂದ ತೊಟ್ಟಿಯನ್ನು ನೋಡಿದರು. ಆಶ್ಚರ್ಯವೆಂದರೆ ಚಂದ್ರಮತಿಯವರೂ ನೋಡಿದರು. ಆದರೆ ಇಬ್ಬರಿಗೂ ತಮ್ಮ ತಮ್ಮ ಗಾಬರಿಯೇ ದೊಡ್ಡದಾಗಿ, ಇನ್ನೊಬ್ಬರ ಕಣ್ಣು ಎಲ್ಲಿಗೆ ಹೋಯಿತೆಂದು ಗೊತ್ತಾಗಲಿಲ್ಲ.

"ಮುಟ್ಟೋ ಹಾಗಿಲ್ಲ ಅಂದ್ರೆ?" ಎಂದರು ರಾಯರು.

"ಅಂದ್ರೆ ಮುಟ್ಟಂಗಿಲ್ಲ."

"ಬಾಯಲ್ಲೋ ಕೈಯಲ್ಲೋ?" ಎಂದು ಚಂದ್ರಮತಿಯವರು ಕೇಳಿದರು.

ಸಣ್ಣಮಾದಯ್ಯನಿಗೆ ತಾತನ ಕಾಲದಿಂದ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಗೊತ್ತಿಲ್ಲ ಎನ್ನುವುದು ವಿದ್ಯೆಗೆ ಅವಮಾನ. "ಎಲ್ಡೂ ಬುಟ್ಬುಡಿ, ಯಾಕೆ ಬೇಕು," ಎಂದು ಹೇಳಿ ಮೊಪೆಡ್ ಹತ್ತಿದ.

"ಹಾಗಾದ್ರೆ ನಾನೂ ಉಪ್ಪು ಬಿಡ್ತೀನಿ," ಎಂದರು ಚಂದ್ರಮತಿ.

ಪ್ರೇಮಲೀಲಾ ಅವರ ಕಣ್ಣಲ್ಲಿ ನೀರು ಬಂತು. ಗಂಡನ ಕಾಯಿಲೆಗೆ ತಾನೂ ಪಥ್ಯ ಹಿಡಿಯುವ ಹೆಂಡತಿ ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದು ಅವರು ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದರು. ನಮ್ಮ ಬೀದಿಯ ಎಷ್ಟೋ ಗಂಡಂದಿರು ಆ ರಾತ್ರಿ ತಮ್ಮ ಮನೆಯ ಸಾರನ್ನು ರುಚಿ ನೋಡಿ ನಿಟ್ಟುಸಿರು ಬಿಟ್ಟರು.

ಉಪ್ಪಿಲ್ಲದ ದಿನಗಳು ಶುರುವಾದವು. ಚಂದ್ರಮತಿಯವರಿಗೆ ಮದುವೆಯಾದಂದಿನಿಂದ ಒಂದು ಅಭ್ಯಾಸ. ಒಲೆಯ ಮೇಲಿನ ಸಾರಿನ ಎರಡು ಹನಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುವುದು, ಆಮೇಲೆ ಗಂಡ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ "ಉಪ್ಪು ಹೇಗಿದೆ?" ಎಂದು ಕೇಳುವುದು. ಮುಂದಾಗಿರಲಿ, ಕಡಿಮೆಯಾಗಿರಲಿ, ರಾಯರ ಉತ್ತರ ಒಂದೇ: "ಸರಿಯಾಗೇ ಇದೆ." ಈಗ ಉಪ್ಪೇ ಇಲ್ಲ. ಆದರೂ ಬಾಯಿಗೆ ಬಂದ ಅಭ್ಯಾಸ, ಅವರು ಕೇಳಿಬಿಟ್ಟರು. ಇವರೂ ಹೇಳಿಬಿಟ್ಟರು.

ಸೆಖೆಗೂ ನವೆಗೂ ತುಂಬು ತೋಳು ತಡೆಯಲಾಗದೆ, ಸರ್ಪಸುತ್ತು ಹೇಗೂ ಜಗಜ್ಜಾಹೀರಾಗಿದೆಯಲ್ಲ ಎಂದು ರಾಯರು ಅರ್ಧ ತೋಳಿನ ಷರಟಿನಲ್ಲಿ ಹೊರಬಿದ್ದರು. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಅವರ ತೋಳು ನೋಡಿ ತಗ್ಗಿದ ದನಿಯಲ್ಲಿ, "ಯಾವ ಡಿಪೋ ಸಾರ್?" ಎಂದ. ಶಾಲೆಯಲ್ಲಿ ಅವರು ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದ ಕೂಡಲೇ ಹುಡುಗರೆಲ್ಲ ಎದ್ದು ನಿಂತು ನಾಡಗೀತೆ ಶುರು ಮಾಡಿದರು. ರುದ್ರಸ್ವಾಮಿಯವರು ತಮ್ಮ ರೂಮಿಗೆ ಕರೆಸಿಕೊಂಡರು.

"ರಾಯರೇ, ನಮ್ಮ ಶಾಲೆಯನ್ನ ಸರ್ಕಾರ ವಹಿಸಿಕೊಳ್ಳಲಿ ಅಂತ ಅರ್ಜಿ ಹಾಕಿ ಎಷ್ಟು ಕಾಲ ಆಯ್ತು?"

"ಬಹಳ ಕಾಲ ಆಯ್ತು ಸಾರ್."

"ಕಟ್ಟಡಕ್ಕೆ ಇನ್ನೂ ಮೊಹರು ಬಿದ್ದಿಲ್ಲ. ನಿಮಗೊಬ್ಬರಿಗೇ ಹೇಗೆ ಬಿತ್ತು?"

ರಾಯರು ಸರ್ಪಸುತ್ತು ಎಂದರು. ರುದ್ರಸ್ವಾಮಿಯವರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡು, ಕೂಡಲೇ ರಜೆ ಮಂಜೂರು ಮಾಡಿದರು.

ರಜೆ ಸಿಕ್ಕಿದ್ದು ಅನುಕೂಲಕ್ಕಿಂತ ಅನಾನುಕೂಲವೇ ಆಯಿತು. ಮನೆಯಲ್ಲಿ ದಿನವಿಡೀ ರಾಯರು, ದಿನವಿಡೀ ಚಂದ್ರಮತಿ. ಇಬ್ಬರೂ ಒಬ್ಬರನ್ನೊಬ್ಬರು ಹೊರಗೆ ಕಳಿಸಲು ಒದ್ದಾಡಿದರು. "ಪ್ರೇಮಲೀಲಾ ಅವರ ಮನೆಗೆ ಹೋಗಿ ಬರಬಾರದೇ?" ಎಂದು ಇವರು. "ಕಾಫಿಪುಡಿ ಮುಗಿದಿದೆ, ನಿಧಾನವಾಗಿ ಹೋಗಿ ಬನ್ನಿ," ಎಂದು ಅವರು. ಕಾಫಿಪುಡಿ ದಿನಾ ಮುಗಿಯುತ್ತಿತ್ತು. ರಾಯರು ಉಪ್ಪನ್ನು ಬಾಯಿಯಿಂದ ಬಿಟ್ಟಿದ್ದರೇ ಹೊರತು ಕೈಯಿಂದ ಬಿಟ್ಟಿರಲಿಲ್ಲ. ಮುಸ್ಸಂಜೆಯಾದರೆ ಆ ನೀಲಿ ಬೆಳಕು ಕರೆಯುತ್ತಿತ್ತು, ತೋಳು ಉರಿಯುತ್ತಿದ್ದರೂ ಕೈ ತಾನಾಗಿ ಇಳಿಯುತ್ತಿತ್ತು. ಗ್ಲೌಸು ಎಳೆದಾಗಲೆಲ್ಲ ಗಂಡಭೇರುಂಡದ ಒಂದೊಂದು ತಲೆ ಅಳಿಸಿಹೋಗುತ್ತಿತ್ತು. ಸಣ್ಣಮಾದಯ್ಯ ಬಂದು ಮತ್ತೆ ತಲೆ ಬರೆಯುತ್ತಿದ್ದ. "ಹಾವು ಭಾರಿ ಜೋರದೆ ಮೇಷ್ಟ್ರೇ, ಹಕ್ಕಿ ತಲೇನೇ ನುಂಗ್ತಾ ಅದೆ," ಎಂದು ಅವನಿಗೂ ಚಿಂತೆ ಹತ್ತಿತು.

ಪ್ರೇಮಲೀಲಾ ಬೆಳಗ್ಗೆ ಬೆಳಗ್ಗೆ ಬಂದು ಬೆರಳಿಟ್ಟು ಅಳೆಯತೊಡಗಿದರು. ಎರಡು ಬೆರಳಿನ ಜಾಗ ಒಂದಾಯಿತು, ಒಂದು ಅರ್ಧವಾಯಿತು. ಬೀದಿಯವರು ಎಳನೀರು ಹಿಡಿದುಕೊಂಡು ನೋಡಲು ಬಂದರು. ಬಂದವರು ರಾಯರ ಎದುರಿಗೇ "ಎಂಥ ಒಳ್ಳೆ ಮೇಷ್ಟ್ರಾಗಿದ್ರು" ಎಂದು ಮಾತಾಡಿಕೊಂಡರು. ಒಬ್ಬರಂತೂ ತಾತನ ಫೋಟೋದ ಪಕ್ಕದಲ್ಲಿದ್ದ ಖಾಲಿ ಗೋಡೆಯನ್ನು ಅಳತೆ ಮಾಡುವಂತೆ ನೋಡಿ, ತಲೆಯಾಡಿಸಿ ಹೋದರು.

ಒಂದು ಬೆಳಗ್ಗೆ ಪ್ರೇಮಲೀಲಾ ಅವರ ಬೆರಳಿಗೆ ಜಾಗವೇ ಸಿಗಲಿಲ್ಲ.

"ಕೂಡಿಬಿಟ್ಟಿದೆ ಕಣೇ ಚಂದ್ರಾ," ಎಂದು ಅವರು ಗೋಡೆಗೆ ಒರಗಿದರು.

ರಾಯರು ಕಾಫಿ ಕುಡಿಯುತ್ತಿದ್ದರು. ಒಂದು ಗುಟುಕು ಕುಡಿದು, ಬದುಕಿದ್ದೇನೆಯೆ ಎಂದು ನೋಡಿಕೊಂಡು, ಇನ್ನೊಂದು ಗುಟುಕು ಕುಡಿದರು. ಚಂದ್ರಮತಿಯವರ ಮುಖ ಮಾತ್ರ ಬಿಳಿಚಿಕೊಂಡಿತು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ತಮ್ಮ ತೋಳನ್ನೊಮ್ಮೆ ನೋಡಿಕೊಂಡು ಬಂದು, "ಆಟೋ ಕರೀರಿ. ಡಾಕ್ಟರ ಹತ್ರ ಹೋಗೋಣ," ಎಂದರು.

ಚರ್ಮದ ಡಾಕ್ಟರು ಮಾಲವಿಕಾ, ರಾಯರ ಹಳೆಯ ಶಿಷ್ಯೆ. ಜನ ತುಂಬಿದ ಕ್ಲಿನಿಕ್ಕಿನಲ್ಲಿ ಇವರ ಸರದಿ ಬರುವಾಗ ಮಧ್ಯಾಹ್ನ ಕಳೆದಿತ್ತು. ಅವಳು ಎದ್ದು ನಿಂತು ನಮಸ್ಕಾರ ಮಾಡಿ, "ಸಾರ್, ನೀವು ಸಮುದ್ರದ ಪಾಠ ಮಾಡ್ತಿದ್ರೆ ನಮಗೆ ಕಾಲಿಗೆ ನೀರು ತಾಗಿದ ಹಾಗೇ ಆಗ್ತಿತ್ತು," ಎಂದಳು. ರಾಯರು ತಲೆ ತಗ್ಗಿಸಿದರು. ಅವಳು ಸ್ಪಿರಿಟ್ಟಿನ ಹತ್ತಿಯಿಂದ ಗಂಡಭೇರುಂಡವನ್ನು ಒರೆಸಿ ಹಾಕಿ, ದೀಪ ಹತ್ತಿರ ತಂದು ನೋಡಿದಳು.

"ಇದು ಸರ್ಪಸುತ್ತಲ್ಲ ಸಾರ್. ಏನೋ ತಾಗಿ ಆಗಿರೋದು. ಉಪ್ಪುನೀರಲ್ಲಿ ಕೆಲಸ ಏನಾದ್ರೂ ಮಾಡ್ತೀರಾ?"

"ಇಲ್ಲಮ್ಮ."

"ಮನೇಲಿ ಮೀನಿನ ತೊಟ್ಟಿ ಇದೆಯಾ?"

"ಇದೆ. ನೋಡೋಕೆ."

"ಕೈ ಹಾಕ್ತೀರಾ?"

ರಾಯರು ಪಕ್ಕದಲ್ಲಿ ಕೂತ ಹೆಂಡತಿಯನ್ನು ನೋಡಿದರು. ಕಣ್ಣ ಮುಂದೆ ಗೂಡ್ಸ್ ಆಟೋ ಒಂದು ತೊಟ್ಟಿ ಹೊತ್ತು ದೇವರಾಜ ಮೊಹಲ್ಲಾದ ಕಡೆ ಹೋಯಿತು. ಹಾಲಿನಲ್ಲಿ ನೀಲಿ ಬೆಳಕು ಆರಿತು, ತಾತ ಮತ್ತೆ ಬರೀ ಫೋಟೋ ಆದರು.

"ಇಲ್ಲ," ಎಂದರು.

ಮಾಲವಿಕಾ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ನನಗೆ ಕಾರಣ ಗೊತ್ತಾಗ್ತಿಲ್ಲ ಸಾರ್. ಒಂದು ಚೂರು ಚರ್ಮ ಕತ್ತರಿಸಿ ಪರೀಕ್ಷೆಗೆ ಕಳಿಸಬೇಕಾಗತ್ತೆ. ಹೊಲಿಗೆ ಹಾಕ್ತೀನಿ, ಸ್ವಲ್ಪ ನೋವಿರತ್ತೆ."

"ಕತ್ತರಿಸಮ್ಮ," ಎಂದು ರಾಯರು ತೋಳನ್ನು ಮೇಜಿನ ಮೇಲೆ ಚಾಚಿ ಕಣ್ಣು ಮುಚ್ಚಿದರು. ಸೂಜಿ ಕಂಡರೆ ಹತ್ತು ಹೆಜ್ಜೆ ಹಿಂದೆ ಹೋಗುವ ಮನುಷ್ಯ. ಒಂದು ತೊಟ್ಟಿ ಸಮುದ್ರಕ್ಕೆ ಒಂದು ಚೂರು ಚರ್ಮ ಹೆಚ್ಚಲ್ಲ ಎಂದು ಅವರು ತೀರ್ಮಾನಿಸಿದಂತಿತ್ತು.

ನರ್ಸ್ ಸ್ಟೀಲ್ ತಟ್ಟೆ ತಂದಿಟ್ಟಳು. ಅದರೊಳಗೆ ಏನೋ ಕಿಣಿ ಎಂದಿತು. ಆ ಸದ್ದಿಗೆ ಚಂದ್ರಮತಿಯವರು ಎದ್ದರು.

"ತಡೀ ಮಗು. ಅವರದನ್ನ ಕತ್ತರಿಸೋದಕ್ಕೆ ಮುಂಚೆ ಇದನ್ನ ನೋಡು."

ಅವರು ಬಲಗೈ ರವಿಕೆಯ ಉದ್ದ ತೋಳನ್ನು ಮೇಲಕ್ಕೆ ಸರಿಸಿದರು. ಮೊಣಕೈಯ ಹತ್ತಿರ, ಅದೇ ಕೆಂಪು, ಅದೇ ಸಾಸಿವೆ ಗುಳ್ಳೆಗಳ ಬಳೆ.

"ನಾನು ಹಾಕ್ತೀನಿ ಕೈ," ಎಂದರು. "ಇವರು ಸ್ಕೂಲಿಗೆ ಹೋದ ಮೇಲೆ. ತೊಟ್ಟಿಯೊಳಗೆ."

ರಾಯರು ಕಣ್ಣು ಬಿಟ್ಟು ಹೆಂಡತಿಯ ತೋಳು ನೋಡಿದರು, ತಮ್ಮ ತೋಳು ನೋಡಿಕೊಂಡರು. "ಗ್ಲೌಸು," ಎಂದರು ಬಹಳ ಮೆಲ್ಲಗೆ. "ಗ್ಲೌಸು ಅದಕ್ಕೇ ಒಣಗ್ತಿರಲಿಲ್ಲ."

"ತಾತನ ಫೋಟೋ ಒರೆಸ್ತಿದ್ದೆ. ಹಿಂದುಗಡೆ ಕೈಗೆ ಸಿಕ್ತು."

"ಅಂದ್ರೆ ನಾನು ಕೈ ಹಾಕ್ತಿದ್ದಿದ್ದು ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಹೇಳಿದ್ರೆ ತೊಟ್ಟಿ ವಾಪಸ್ ಕಳಿಸಬೇಕಾಗ್ತಿತ್ತಲ್ಲ. ಹಾಗಂತ ನಾನೇ ಅಂದಿದ್ದೆ."

ಮಾಲವಿಕಾ ಇಬ್ಬರನ್ನೂ ನೋಡಿ, ನರ್ಸಿಗೆ ತಟ್ಟೆ ತೆಗೆದುಕೊಂಡು ಹೋಗಲು ಹೇಳಿದಳು. "ಒದ್ದೆ ಗ್ಲೌಸೊಳಗೆ ಉಪ್ಪುನೀರು ನಿಂತು, ಪಟ್ಟಿ ಉಜ್ಜಿ ಆಗಿರೋದು ಇದು. ಇಬ್ಬರಿಗೂ ಬೇರೆ ಬೇರೆ ಗ್ಲೌಸು ತಗೊಳ್ಳಿ, ಭುಜದವರೆಗೆ ಬರೋದು. ವಾಸಿಯಾಗೋವರೆಗೆ ಕೈ ಹಾಕಬೇಡಿ. ಆಮೇಲೆ ಹಾಕಿದಾಗಲೆಲ್ಲ ಸಿಹಿನೀರಲ್ಲಿ ತೊಳೆದು ಒರೆಸ್ಕೊಳ್ಳಿ. ಈ ಮುಲಾಮು ಹಚ್ಚಿ." ಸ್ವಲ್ಪ ತಡೆದು, "ಬೇರೆ ಪಥ್ಯ ಏನಾದ್ರೂ ಮಾಡ್ತಿದ್ದೀರಾ?" ಎಂದು ಕೇಳಿದಳು.

"ಉಪ್ಪು ಬಿಟ್ಟಿದ್ದೀವಿ," ಎಂದರು ಇಬ್ಬರೂ.

"ಯಾಕೆ?"

ಇಬ್ಬರೂ ಮುಲಾಮಿನ ಚೀಟಿ ತೆಗೆದುಕೊಂಡು ಎದ್ದರು.

ಇಬ್ಬರೂ ಆಟೋ ಹತ್ತಿ ಮನೆಯ ಕಡೆ ಹೊರಟರು. ಸಂಜೆ ಇಳಿಯುತ್ತಿತ್ತು. ಸಾಲುಮರಗಳ ನೆರಳು ಇಬ್ಬರ ಮೇಲೂ ಅಲೆ ಅಲೆಯಾಗಿ ಹಾದುಹೋಗುತ್ತಿತ್ತು.

"ಆದ್ರೂ ನೀನು ಯಾಕೆ?" ಎಂದರು ರಾಯರು ಕೊನೆಗೆ. "ನಿನಗೆ ನೀರು ಕಂಡರಾಗಲ್ಲ ಅಂದ್ಕೊಂಡಿದ್ದೆ."

"ಯಾರು ಹೇಳಿದ್ರು? ಮದುವೆಗೆ ಮುಂಚೆ ನಾನು ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ, ಗಂಡನ ಜೊತೆ ಮೊದಲು ಸಮುದ್ರ ನೋಡೋಕೆ ಹೋಗ್ತೀನಿ ಅಂತ. ಬಂದ ದಿನವೇ ನಿಮ್ಮಮ್ಮ ಜಲಗಂಡ ಅಂದ್ರು." ಅವರು ಹೊರಗೆ ನೋಡುತ್ತಲೇ ಹೇಳಿದರು. "ಜಾತಕ ನಿಮ್ಮದು ಕಣ್ರೀ. ದಡದಲ್ಲಿ ಕೂತಿದ್ದು ಇಬ್ಬರೂ."

ಇಷ್ಟು ವರ್ಷ ಏಳು ಸಮುದ್ರಗಳ ಆಳ ಅಗಲ ಹೇಳಿಕೊಂಡು ಬಂದ ಮೇಷ್ಟ್ರಿಗೆ ಈ ಒಂದು ಸಂಗತಿ ಹೊಳೆದೇ ಇರಲಿಲ್ಲ. ತಮಗೆ ಸಿಗದ ಸಮುದ್ರದ ಬಗ್ಗೆ ಅವರು ಪಟ್ಟ ದುಃಖದಲ್ಲಿ ಹೆಂಡತಿಯ ಪಾಲು ಎಷ್ಟೆಂದು ಯಾವತ್ತೂ ಕೇಳಿರಲಿಲ್ಲ. ಅವರಿಗೆ ನಾಚಿಕೆಯೂ ಆಯಿತು, ಹೆಂಡತಿಯ ಮೇಲೆ ತಡೆಯಲಾರದಷ್ಟು ಪ್ರೀತಿಯೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಹೇಳಬೇಕೆಂದು ತಿಳಿಯದೆ ಮುಲಾಮಿನ ಟ್ಯೂಬನ್ನು ತಿರುಗಿಸುತ್ತ ಕೂತರು.

"ಹಾವು ಕೂಡಿದ ಮೇಲೂ ಬದುಕಿದ್ದೀರಿ," ಎಂದರು ಚಂದ್ರಮತಿ. "ನೀರಿಂದ ಆಗಬೇಕಾದ್ದು ಆಗಿಹೋಯ್ತು. ಅಲ್ಲಿಗೆ ಗಂಡ ಕಳೀತು ಅಂತ ಇಟ್ಕೊಳ್ಳೋಣ."

"ಯಾವ ಗಂಡ?"

"ಜಾತಕದ್ದು ಕಣ್ರೀ. ಮನೇದು ಇರತ್ತೆ."

ಆಟೋದವನು ಕನ್ನಡಿಯಲ್ಲಿ ನೋಡಿದಾಗ ಹಿಂದಿನ ಸೀಟಿನ ಇಬ್ಬರು ಹಿರಿಯರು ತೋಳು ತೋಳು ಉಜ್ಜಿಕೊಂಡು ನಗುತ್ತಿದ್ದರು. ನವೆಗೋ ಪ್ರೀತಿಗೋ ಅವನಿಗೆ ಗೊತ್ತಾಗಲಿಲ್ಲ.

ತೋಳುಗಳು ವಾಸಿಯಾದ ಮೇಲೆ, ಶಾಲೆಗೆ ರಜೆ ಬಿದ್ದ ಕೂಡಲೇ ಇಬ್ಬರೂ ಕಡಲತೀರಕ್ಕೆ ಹೊರಟರು. ಸುದ್ದಿ ಕೇಳಿ ಸಣ್ಣಮಾದಯ್ಯ ತಾನಾಗಿಯೇ ಬಂದು, ದಾರಿಗೆ ಇರಲಿ ಎಂದು ಇಬ್ಬರ ಪೆಟ್ಟಿಗೆಯ ಮೇಲೂ ಒಂದೊಂದು ಗಂಡಭೇರುಂಡ ಬರೆದುಕೊಟ್ಟ. ತೊಟ್ಟಿಯ ಮೀನಿಗೆ ಆಹಾರ ಹಾಕಲು ಮನೆಯ ಬೀಗದ ಕೈಯನ್ನು ಪ್ರೇಮಲೀಲಾ ಅವರಿಗೆ ಕೊಡಲಾಯಿತು.

"ಇದಕ್ಕೆ ಕೈಗೀ ಹಾಕಬೇಕಾ?" ಎಂದು ಅವರು ಮೂಗು ಮುರಿದರು.

"ಬೇಡ. ಎಲ್ಲ ಯಂತ್ರವೇ ನೋಡ್ಕೊಳ್ಳತ್ತೆ," ಎಂದರು ಚಂದ್ರಮತಿ. ಗ್ಲೌಸು ಎಲ್ಲಿದೆ ಎಂದು ಅವರು ಹೇಳಲಿಲ್ಲ. ಪ್ರೇಮಲೀಲಾ ಅವರಿಗೆ ಕಂಡವರ ಮನೆಯ ಫೋಟೋವನ್ನೂ ಒರೆಸುವ ಅಭ್ಯಾಸವಿದೆ ಎಂಬುದು ಬೀದಿಗೆಲ್ಲ ಗೊತ್ತು.

ಗಂಡ ಹೆಂಡತಿ ಕಡಲತೀರ ತಲುಪಿದ್ದು ಬೆಳಗಿನ ಜಾವದ ಹೊತ್ತಿಗೆ. ಇನ್ನೂ ಬಿಸಿಲು ಬಂದಿರಲಿಲ್ಲ. ಆಕಾಶಕ್ಕೂ ನೀರಿಗೂ ನಡುವೆ ಗೆರೆಯಿರಲಿಲ್ಲ. ಎಲ್ಲೆಲ್ಲೂ ಅವರ ಹಾಲಿನಲ್ಲಿ ಮುಸ್ಸಂಜೆ ತುಳುಕುವ ಅದೇ ನೀಲಿ ಬೆಳಕು, ಗೋಡೆ ಮಾತ್ರ ಇಲ್ಲ. ಉಬ್ಬರದ ಬಗ್ಗೆ, ಚಂದ್ರನ ಸೆಳೆತದ ಬಗ್ಗೆ ದಾರಿಯುದ್ದಕ್ಕೂ ವಿವರಿಸಿಕೊಂಡು ಬಂದಿದ್ದ ರಾಯರು ಮರಳಿಗೆ ಕಾಲಿಟ್ಟ ಕೂಡಲೇ ಸುಮ್ಮನಾದರು. ಅಲೆಯೊಂದು ಬಂದು ಪಾದ ಮುಟ್ಟಿ, ಕಾಲಡಿಯ ಮರಳನ್ನು ಮೆಲ್ಲಗೆ ಎಳೆದುಕೊಂಡು ಹೋಯಿತು. ರಾಯರು ಹೆಂಡತಿಯ ಕೈ ಹಿಡಿದುಕೊಂಡರು. ಈ ಸಲ ನೀರಿನ ಕಡೆ ಯಾರು, ದಡದ ಕಡೆ ಯಾರು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಚಂದ್ರಮತಿಯವರು ಸೆರಗು ಸಿಕ್ಕಿಸಿ ಬಗ್ಗಿದರು. ಇನ್ನೊಂದು ಕೈಯ ಅಂಗೈಗೆ ಎರಡು ಹನಿ ನೀರು ತೆಗೆದುಕೊಂಡು, ನೆಕ್ಕಿ, ಸ್ವಲ್ಪ ಯೋಚಿಸಿದರು.

"ಉಪ್ಪು ಮುಂದಾಗಿದೆ ಕಣ್ರೀ."

"ಸರಿಯಾಗೇ ಇದೆ," ಎಂದರು ರಾಯರು.